ಗ್ಲಾಸ್ಗೋ ವಾರ್ಡಿನಲ್ಲಿ ನನ್ನ ಇಂಗ್ಲಿಷ್ ಓಡ್ತಾ ಇಲ್ಲ, ಆಕ್ಸೆಂಟ್ ಬದಲಿಸಬೇಕಾ?

ಓದುಗರ ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹಾಸನದ ಕಡೆಯವಳು. ಬೆಂಗಳೂರಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಓಇಟಿ ಅನ್ನೋ ಇಂಗ್ಲಿಷ್ ಪರೀಕ್ಷೆ ಪಾಸ್ ಮಾಡಿಕೊಂಡು ಸ್ಕಾಟ್ಲೆಂಡಿನ ಗ್ಲಾಸ್ಗೋದ ಒಂದು ಆಸ್ಪತ್ರೆಗೆ ಸೇರಿ ನಾಲ್ಕು ತಿಂಗಳಾಯ್ತು. ಪರೀಕ್ಷೆಯ ಲಿಸನಿಂಗ್‌ನಲ್ಲಿ ಒಳ್ಳೆ ಗ್ರೇಡೇ ಬಂದಿತ್ತು. ಇಲ್ಲಿ ನೋಡಿದರೆ ವಯಸ್ಸಾದ ಪೇಷಂಟ್‌ಗಳು ಹೇಳೋದು ಅರ್ಧಕ್ಕರ್ಧ ತಲೆಗೇ ಹೋಗೋದಿಲ್ಲ. ಹೋದ ವಾರ ಜೊತೆಯವಳೊಬ್ಬಳು 4ನೇ ಬೆಡ್‌ನ ಅಜ್ಜಿ "ಗ್ರೀಟಿನ್" ಅಂತ ಹೇಳಿ ಹೋದಳು. ಅಜ್ಜಿ ನಮಸ್ಕಾರ ಹೇಳ್ತಿದ್ದಾರೆ ಅಂದುಕೊಂಡು ನಾನು ನಗ್ತಾ ಹೋಗಿ ಕೈಬೀಸಿದೆ. ಪಾಪ, ಅವರು ಅಳ್ತಾ ಕೂತಿದ್ದರು. ನನ್ನ ಮಾತೂ ಅವರಿಗೆ ಅರ್ಥವಾಗೋದಿಲ್ಲ, ಫೋನಿನಲ್ಲಂತೂ ಕೇಳಲೇಬೇಡಿ. ಒಬ್ಬಳು ನನ್ನ ಥರಾನೇ ಮಾತಾಡಿ ಅಣಕಿಸ್ತಾಳೆ. ಆನ್‌ಲೈನ್ ಕೋರ್ಸ್‌ನವರೊಬ್ಬರು ಮೂರು ತಿಂಗಳಲ್ಲಿ ಇಂಡಿಯನ್ ಆಕ್ಸೆಂಟ್ ಪೂರ್ತಿ ತೆಗೆದು ಬ್ರಿಟಿಷ್ ಆಕ್ಸೆಂಟ್ ಕಲಿಸ್ತೀವಿ ಅಂತಾರೆ. ಫೀಸು ನಮ್ಮ ಒಂದು ತಿಂಗಳ ಬಾಡಿಗೆಯಷ್ಟು. ಸೇರಲಾ? ಇನ್ನೊಂದು ವಿಷಯ, ಆರು ವರ್ಷದ ಮಗ ಆಗಲೇ "ಆಯ್", "ವೀ" ಅಂತ ಶುರು ಮಾಡಿದ್ದಾನೆ. ಇದು ಹಳ್ಳಿ ಇಂಗ್ಲಿಷ್, ಈಗಲೇ ತಿದ್ದು ಅಂತಾರೆ ನಮ್ಮ ಯಜಮಾನರು.

ಉತ್ತರ: ಮೊದಲು ಫೀಸಿನ ವಿಷಯ ಮುಗಿಸೋಣ. ಸೇರಬೇಡಿ. ಯಾಕೆ ಅಂತ ಆಮೇಲೆ ಹೇಳ್ತೀನಿ.

ನಾನು ಧ್ವನಿಶಾಸ್ತ್ರ ಕಲಿಸುವವಳು. ಹೊರದೇಶಕ್ಕೆ ಹೊರಟ ನರ್ಸ್‌ಗಳಿಗೆ, ಡಾಕ್ಟರ್‌ಗಳಿಗೆ ಮಾತಿನ ತರಬೇತಿ ಕೊಡ್ತೀನಿ. ನೀವು ಬರೆದಂಥ ಪತ್ರ ನನಗೆ ಹೊಸದಲ್ಲ. ಎಲ್ಲರೂ ನಿಮ್ಮ ಹಾಗೇ ಎರಡು ತೊಂದರೆಗಳನ್ನು ಒಂದೇ ಗಂಟು ಕಟ್ಟಿ ಕಳಿಸ್ತಾರೆ: ಅವರ ಮಾತು ನಿಮಗೆ ಅರ್ಥವಾಗೋದಿಲ್ಲ ಅನ್ನೋದು ಒಂದು, ನಿಮ್ಮ ಮಾತು ಅವರಿಗೆ ಅರ್ಥವಾಗೋದಿಲ್ಲ ಅನ್ನೋದು ಇನ್ನೊಂದು. ಮೊದಲನೆಯದು ಕಿವಿಯದು, ಎರಡನೆಯದು ಬಾಯಿಯದು. ಇದಕ್ಕೆ ಮಾಡೋ ಮದ್ದು ಅದಕ್ಕೆ ಆಗೋದಿಲ್ಲ. ಆಕ್ಸೆಂಟ್ ಬದಲಿಸಿಕೊಂಡರೂ ಆ ಅಜ್ಜಿಯ ವಿಷಯದಲ್ಲಿ ಆಗಿದ್ದು ಆಗೇ ಆಗ್ತಿತ್ತು, ಅಲ್ವಾ? ಲಂಡನ್‌ನಿಂದ ಬಂದ ನರ್ಸ್‌ಗೂ ಅಲ್ಲಿ ತಬ್ಬಿಬ್ಬಾಗಬಹುದು.

ಯಾಕಂದ್ರೆ "ಗ್ರೀಟಿನ್" ಅನ್ನೋದು ಆಕ್ಸೆಂಟೇ ಅಲ್ಲ. ಆಕ್ಸೆಂಟ್ ಅಂದರೆ ಅದೇ ಪದವನ್ನು ಬೇರೆ ಥರ ಉಚ್ಚರಿಸೋದು. ಇಲ್ಲಿ ಪದದ ಅರ್ಥವೇ ಬೇರೆ. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ "ಗ್ರೀಟ್" ಅಂದರೆ ಅಳು. ಈ ಆಡುಮಾತಿಗೆ ಸ್ಕಾಟ್ಸ್ ಅಂತ ಹೆಸರು. ಇದು ಇಂಗ್ಲಿಷಿನ ಉಪಭಾಷೆಯೋ ಅಥವಾ ಇಂಗ್ಲಿಷಿನ ಒಡಹುಟ್ಟಿದ ಬೇರೆ ಭಾಷೆಯೋ ಅನ್ನೋ ಜಗಳ ಹಳೇದು, ಅದರಲ್ಲಿ ನಾವು ತಲೆ ಹಾಕೋದು ಬೇಡ. 2011ರ ಜನಗಣತಿಯಲ್ಲಿ 15 ಲಕ್ಷಕ್ಕೂ ಜಾಸ್ತಿ ಜನ ತಮಗೆ ಸ್ಕಾಟ್ಸ್ ಮಾತಾಡಲು ಬರುತ್ತೆ ಅಂತ ಬರೆಸಿದ್ದಾರೆ. ಗ್ಲಾಸ್ಗೋದಲ್ಲಿ ಸ್ಕಾಟ್ಸ್ ಮತ್ತು ಇಂಗ್ಲಿಷ್ ನಡುವೆ ಗೆರೆ ಎಳೆದ ಹಾಗೆ ಇರೋದಿಲ್ಲ. ಒಂದೇ ವಾಕ್ಯ ಇಂಗ್ಲಿಷಿನಲ್ಲಿ ಶುರುವಾಗಿ ಸ್ಕಾಟ್ಸ್‌ನಲ್ಲಿ ಮುಗಿಯುತ್ತೆ. ಡಾಕ್ಟರ್ ಮುಂದೆ ಒಂದು ಥರ ಮಾತು, ಮಗಳ ಮುಂದೆ ಇನ್ನೊಂದು ಥರ. ನೋವು ಜಾಸ್ತಿಯಾದಾಗ ಬಾಯಿಗೆ ಬರೋದು ಮನೆಮಾತೇ. ಮೈಸೂರಿನ ಹುಡುಗಿಗೆ ಧಾರವಾಡದ ಆಸ್ಪತ್ರೆಗೆ ಪೋಸ್ಟಿಂಗ್ ಆದಾಗ "ಹೊಟ್ಟಿ ಕಡ್ಯಾಕತ್ತೈತ್ರೀ" ಅಂದರೆ ಮೊದಲ ವಾರ ಕಣ್ಣು ಕಣ್ಣು ಬಿಡ್ತಾಳಲ್ಲ, ಇದೂ ಹಾಗೇ. ಅವಳಿಗೆ ಕನ್ನಡ ಬರೋದಿಲ್ಲ ಅಂತ ಯಾರೂ ಅನ್ನೋದಿಲ್ಲ.

ಹಾಗಾಗಿ ನಿಮಗೆ ಬೇಕಾದ ಮೊದಲ ಸಾಮಾನು ಒಂದು ಜೇಬಿನ ನೋಟ್‌ಬುಕ್. ಕೆಲವನ್ನು ನಾನೇ ಬರೆದು ಕೊಡ್ತೀನಿ. "ಜ್ಯಾಗ್" ಅಂದರೆ ಇಂಜೆಕ್ಷನ್, ಇಂಗ್ಲೆಂಡಿನಲ್ಲಿ ಅದೇ "ಜ್ಯಾಬ್", ಅಮೆರಿಕದಲ್ಲಿ "ಶಾಟ್". "ಹೀಡ್" ಅಂದರೆ ತಲೆ. "ಆಕ್ಸ್‌ಟರ್" ಅಂದರೆ ಕಂಕುಳು, ಥರ್ಮಾಮೀಟರ್ ಇಡುವಾಗ ಕೇಳಿಸುತ್ತೆ. "ಸ್ಟೂಕಿ" ಅಂದರೆ ಮೂಳೆ ಮುರಿದಾಗ ಹಾಕೋ ಪ್ಲಾಸ್ಟರ್. "ಪೀಲಿ ವಾಲಿ" ಅಂದರೆ ಮುಖ ಬಿಳಿಚಿಕೊಂಡು ಹುಷಾರಿಲ್ಲದ ಹಾಗೆ ಕಾಣೋದು. "ಬೋಕ್" ಅಂದರೆ ಓಕರಿಕೆ. "ಮೆಸೇಜಸ್" ತರಬೇಕು ಅಂದರೆ ಅಂಗಡಿ ಸಾಮಾನು ತರಬೇಕು ಅಂತ, ಫೋನಿನ ಮೆಸೇಜ್ ಅಲ್ಲ. "ವೇನ್" ಅಂದರೆ ಮಗು. ನಮ್ಮ ಕಿವಿಗೆ ಇದು ರಕ್ತನಾಳದ ವೇನ್ ಅಂತಲೇ ಬೀಳುತ್ತೆ, ಹುಷಾರು.

ಇವೆಲ್ಲ ಹೊಸ ಪದಗಳು, ಗೊತ್ತಿಲ್ಲ ಅಂತಾದರೂ ನಿಮಗೆ ಗೊತ್ತಾಗುತ್ತೆ. ಅಪಾಯ ಇರೋದು ಗೊತ್ತಿರೋ ಪದಗಳಲ್ಲಿ. ಆಪರೇಷನ್‌ಗೆ ಮುಂಚೆ ರಾತ್ರಿ 12ರ ಮೇಲೆ ಏನೂ ತಿನ್ನಬೇಡಿ ಅಂತ ನೀವು ಹೇಳಿದಾಗ ಪೇಷಂಟ್ "ಹೌ?" ಅಂದರೆ ಅವರು ಹೇಗೆ ಅಂತ ಕೇಳ್ತಿಲ್ಲ, ಯಾಕೆ ಅಂತ ಕೇಳ್ತಿದ್ದಾರೆ. ನೀವು ಹೇಗೆ ಅಂತ ವಿವರಿಸೋಕೆ ಹೊರಟರೆ ಅವರಿಗೆ ಉತ್ತರ ಸಿಗದೆ ಇನ್ನೊಂದು ಸಲ "ಹೌ?" ಅಂತಾರೆ, ಇಬ್ಬರಿಗೂ ತಲೆ ಕೆಡುತ್ತೆ. "ವೇರ್ ಡು ಯು ಸ್ಟೇ?" ಅಂದರೆ ನಿಮ್ಮ ಮನೆ ಎಲ್ಲಿ ಅಂತ. ಇದು ಮಾತ್ರ ನಿಮಗೆ ಸಲೀಸು. ನಾವೂ ಬೆಂಗಳೂರಿನಲ್ಲಿ ಹಾಗೇ ಕೇಳ್ತೀವಿ, ಲಂಡನ್‌ನವರಿಗೆ ಅದು ವಿಚಿತ್ರ. ಇನ್ನು "ಯು ಆಲ್‌ರೈಟ್?" ಅನ್ನೋದು ಇಡೀ ಬ್ರಿಟನ್ನಿನಲ್ಲಿ ಸುಮ್ನೆ ಒಂದು ಹಲೋ. ನನ್ನ ಮುಖ ಬಾಡಿದೆಯಾ, ಯಾಕೆ ಎಲ್ಲರೂ ಹುಷಾರಾಗಿದೀಯಾ ಅಂತ ಕೇಳ್ತಾರೆ ಅಂತ ಹೊಸಬರು ಸುಮಾರು ಜನ ನನಗೆ ಬರೆದಿದ್ದಾರೆ.

ಪರೀಕ್ಷೆಯಲ್ಲಿ ಒಳ್ಳೆ ಗ್ರೇಡ್ ಬಂದಿದ್ದು ಸುಳ್ಳಾ ಹಾಗಾದ್ರೆ? ಸುಳ್ಳಲ್ಲ. ಪರೀಕ್ಷೆಯ ರೆಕಾರ್ಡಿಂಗ್‌ನಲ್ಲೂ ಬೇರೆ ಬೇರೆ ದೇಶದ ಆಕ್ಸೆಂಟ್‌ಗಳಿರುತ್ತವೆ. ಆದರೆ ಅವರೆಲ್ಲ ಮೈಕಿನ ಮುಂದೆ ಕೂತು ಬಿಡಿಬಿಡಿಯಾಗಿ ಮಾತಾಡುವವರು. ನಿಮ್ಮ ವಾರ್ಡಿನಲ್ಲಿ ಮಾನಿಟರ್ ಕೂಗ್ತಿರುತ್ತೆ, ಪಕ್ಕದ ಬೆಡ್‌ನಲ್ಲಿ ಟಿವಿ, ಅಜ್ಜನ ಹಲ್ಲು ಸೆಟ್ಟು ಲೋಟದಲ್ಲಿ.

ಈಗ ಕೋರ್ಸ್‌ನವರ ಮಾತಿಗೆ ಬರೋಣ. ಬ್ರಿಟಿಷ್ ಆಕ್ಸೆಂಟ್ ಅಂತ ಒಂದು ಇಲ್ಲ. ಅವರು ಮಾರೋದು ರಿಸೀವ್ಡ್ ಪ್ರನನ್ಸಿಯೇಷನ್, ಅಂದರೆ ದಕ್ಷಿಣ ಇಂಗ್ಲೆಂಡಿನ ದುಡ್ಡಿದ್ದವರ ಬೋರ್ಡಿಂಗ್ ಶಾಲೆಗಳಲ್ಲಿ ಬೆಳೆದ ಉಚ್ಚಾರಣೆ. ಡೇನಿಯಲ್ ಜೋನ್ಸ್ 1917ರಲ್ಲಿ ಉಚ್ಚಾರಣಾ ನಿಘಂಟು ತಂದಾಗ ಇದನ್ನೇ ಮಾದರಿಯಾಗಿ ಹಿಡಿದರು. ಹಾಗಾಗಿ ಪ್ರಪಂಚದ ಇಂಗ್ಲಿಷ್ ಪಾಠಗಳಿಗೆಲ್ಲ, ನಮ್ಮ ಕಾಲೇಜುಗಳಿಗೂ, ಇದೇ ಅಳತೆಗೋಲಾಯ್ತು. ಬ್ರಿಟನ್ನಿನಲ್ಲೇ ಇದನ್ನು ಮಾತಾಡುವವರು ನೂರಕ್ಕೆ ಮೂರು ಜನ ಇರಬಹುದು ಅಂತ ಭಾಷಾಶಾಸ್ತ್ರಜ್ಞ ಪೀಟರ್ ಟ್ರಡ್ಗಿಲ್ 1970ರ ದಶಕದಲ್ಲಿ ಲೆಕ್ಕ ಹಾಕಿದ್ದರು. 1941ರಲ್ಲಿ ಬಿಬಿಸಿ ಯಾರ್ಕ್‌ಶೈರ್‌ನ ವಿಲ್ಫ್ರೆಡ್ ಪಿಕಲ್ಸ್ ಕೈಲಿ ದೇಶಕ್ಕೆಲ್ಲ ವಾರ್ತೆ ಓದಿಸಿದಾಗ, ಊರಿನ ಉಚ್ಚಾರಣೆಯಲ್ಲಿ ವಾರ್ತೆ ಓದ್ತಾರೆ ಅಂತ ಕೇಳುಗರಿಂದ ಆಕ್ಷೇಪಣೆ ಬಂದಿದ್ದವು. ಈಗ ಅದೇ ಬಿಬಿಸಿಯಲ್ಲಿ ಸ್ಕಾಟಿಷ್, ಐರಿಷ್, ವೇಲ್ಸ್ ಎಲ್ಲ ದನಿಗಳೂ ಕೇಳುತ್ತವೆ.

ಒಂದು ಉಚ್ಚಾರಣೆ ತಾನಾಗಿ ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ ಅನ್ನೋದಕ್ಕೆ ಬರೀ ರ ಅಕ್ಷರದ ಕಥೆ ನೋಡಿದರೆ ಸಾಕು. "ಕಾರ್", "ನರ್ಸ್", "ಫೋರ್ತ್" ಇವುಗಳಲ್ಲಿನ ರ ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲೂ ಎಲ್ಲರ ಬಾಯಲ್ಲೂ ಇತ್ತು. 18ನೇ ಶತಮಾನದಲ್ಲಿ ಲಂಡನ್ ಸುತ್ತಮುತ್ತ ಅದು ಬಿದ್ದುಹೋಗ್ತಾ ಬಂತು. ಆಮೇಲೆ ಇಂಗ್ಲೆಂಡಿನಿಂದ ಜನ ಹೋಗಿ ನೆಲೆಸಿದ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲೂ ಬಹುಮಟ್ಟಿಗೆ ರ ಇಲ್ಲ. ಸ್ಕಾಟ್ಲೆಂಡ್, ಐರ್ಲೆಂಡ್, ಅಮೆರಿಕದ ಬಹುಭಾಗದಲ್ಲಿ ಉಳಿಯಿತು. ಈಗ ತಮಾಷೆ ನೋಡಿ. ಇಂಗ್ಲೆಂಡಿನಲ್ಲಿ ರ ಹೇಳಿದರೆ ಹಳ್ಳಿಯವನು. ನ್ಯೂಯಾರ್ಕಿನಲ್ಲಿ ರ ಬಿಟ್ಟರೆ ಕೆಳಗಿನವನು. ವಿಲಿಯಂ ಲಬೋವ್ ಅನ್ನೋ ಭಾಷಾಶಾಸ್ತ್ರಜ್ಞ 1962ರಲ್ಲಿ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಹೋಗಿ, ನಾಲ್ಕನೇ ಮಹಡಿಯಲ್ಲಿ ಸಿಗೋ ಸಾಮಾನು ಎಲ್ಲಿದೆ ಅಂತ ಕೆಲಸದವರನ್ನು ಸುಮ್ನೆ ಕೇಳ್ತಾ ಹೋದರು. "ಫೋರ್ತ್ ಫ್ಲೋರ್" ಅನ್ನೋ ಉತ್ತರದಲ್ಲಿ ರ ಇದೆಯಾ ಇಲ್ವಾ ಅಂತ ಗುರುತು ಹಾಕಿಕೊಳ್ಳೋದು. ಅಷ್ಟೇ ಪ್ರಯೋಗ. ಅಂಗಡಿ ದುಬಾರಿಯಾದಷ್ಟೂ ರ ಜಾಸ್ತಿ ಸಿಕ್ಕಿತು.

ಇನ್ನೂ ಒಂದು ಖುಷಿಯ ವಿಷಯ ಇದೆ, ಇದನ್ನು ಯಾವ ಕೋರ್ಸ್‌ನವರೂ ನಿಮಗೆ ಹೇಳೋದಿಲ್ಲ. ಲಂಡನ್‌ನವರ "ಗೋಟ್" ಒಳಗೆ ಒ ಜೊತೆ ಉ ಸೇರಿಕೊಂಡು ಸ್ವರ ಜಾರುತ್ತೆ, "ಫೇಸ್" ಒಳಗೆ ಎ ಜೊತೆ ಇ. ಆಸ್ಟ್ರೇಲಿಯಾದವರು ಅದನ್ನು ಇನ್ನಷ್ಟು ಎಳೆದು "ಡೇ" ಅನ್ನೋದನ್ನು ನಮ್ಮ ಕಿವಿಗೆ "ಡೈ" ಅನ್ನೋ ಹಾಗೆ ಮಾಡ್ತಾರೆ. ಗ್ಲಾಸ್ಗೋದವರು ಮಾತ್ರ ನಮ್ಮ ಹಾಗೇ ಓ ಅಂದರೆ ಓ, ಏ ಅಂದರೆ ಏ. ರ ಕೂಡ ನಮ್ಮ ಥರ ನಾಲಿಗೆ ತಾಗಿಸಿ ಹೇಳುವವರು ಅಲ್ಲಿದ್ದಾರೆ. ಅಂದರೆ ಕನ್ನಡದವರ ಇಂಗ್ಲಿಷ್ ಈ ಎರಡು ಮೂರು ವಿಷಯಗಳಲ್ಲಿ ಲಂಡನ್‌ಗಿಂತ ಗ್ಲಾಸ್ಗೋಗೇ ಹತ್ತಿರ. ಕೋರ್ಸ್‌ನವರಿಗೆ ದುಡ್ಡು ಕೊಟ್ಟು ರ ಬಿಡೋದನ್ನು ಕಲಿತು, ರ ಹೇಳೋ ಊರಿನಲ್ಲಿ ಹೋಗಿ ನಿಂತುಕೊಳ್ತೀರಾ?

ಕೋರ್ಸ್‌ನ ನಿಜವಾದ ಅಪಾಯ ಅಂದರೆ ಅರ್ಧ ಕಲಿತು ನಿಲ್ಲೋದು. ದೊಡ್ಡವರಾದ ಮೇಲೆ ಬಾಯಿಯ ಅಭ್ಯಾಸ ಪೂರ್ತಿ ಅಳಿಸೋಕೆ ಬಹಳ ಜನರಿಗೆ ಆಗೋದಿಲ್ಲ. ಮೂರು ತಿಂಗಳಲ್ಲಿ ಆಗೋದು ಏನಂದ್ರೆ ಕೆಲವು ಪದ ಲಂಡನ್, ಕೆಲವು ಪದ ಹಾಸನ. ಇಂಥ ಕಲಬೆರಕೆ ಕೇಳುವವರಿಗೆ ಇನ್ನೂ ಕಷ್ಟ, ಯಾಕಂದ್ರೆ ಕಿವಿ ಒಂದು ಧಾಟಿಗೆ ಹೊಂದಿಕೊಳ್ಳೋದೇ ಇಲ್ಲ. ಬೆಂಗಳೂರಿನ ಕಾಲ್ ಸೆಂಟರ್‌ಗಳು ಹೊಸದಾಗಿ ಬಂದಾಗ ಹುಡುಗ ಹುಡುಗಿಯರಿಗೆ ಅಮೆರಿಕದ ಹೆಸರಿಟ್ಟು ಅಮೆರಿಕದ ಆಕ್ಸೆಂಟ್ ಹಚ್ಚೋ ಆಟ ನಡೀತು. ಆಮೇಲೆ ತರಬೇತಿಯವರೇ ಅದನ್ನು ಕಡಿಮೆ ಮಾಡಿ "ನ್ಯೂಟ್ರಲ್" ಅಂತ ಶುರು ಮಾಡಿದರು. ನಕಲು ಬೇಡ, ನಿಧಾನ ಬೇಕು, ಸ್ಪಷ್ಟ ಬೇಕು ಅಂತ.

ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಕೆನಡಾದ ಮನ್ರೋ ಮತ್ತು ಡರ್ವಿಂಗ್ ಅನ್ನೋ ಇಬ್ಬರು 1995ರಲ್ಲಿ ಚೀನೀ ಮಾತೃಭಾಷೆಯವರ ಇಂಗ್ಲಿಷ್ ಕೇಳಿಸಿ ನೋಡಿದರು. ಆಕ್ಸೆಂಟ್ ತುಂಬಾ ದಪ್ಪ ಅಂತ ಗುರುತು ಹಾಕಿದ ಮಾತನ್ನೂ ಕೇಳುಗರು ಎಷ್ಟೋ ಸಲ ಒಂದು ಪದ ಬಿಡದೆ ಬರೆದುಕೊಂಡಿದ್ದರು. ಆಕ್ಸೆಂಟ್ ಇರೋದು ಬೇರೆ, ಅರ್ಥವಾಗದೇ ಇರೋದು ಬೇರೆ.

ಹಾಗಂತ ನಿಮ್ಮ ಬಾಯಿಯಲ್ಲಿ ತಿದ್ದೋಕೆ ಏನೂ ಇಲ್ಲ ಅಂತಲ್ಲ. ಏನೂ ಮಾಡದೆ ಅವರೇ ಅರ್ಥ ಮಾಡಿಕೊಳ್ಳಲಿ ಅಂತ ಕೂರೋದೂ ಒಂದು ದಾರಿ, ಆದರೆ ಔಷಧಿ ಕೊಡೋ ಕೆಲಸದಲ್ಲಿ ಆ ದಾರಿ ಬೇಡ. ಬಿಡಬಹುದಾದ್ದು ಯಾವುದು, ಹಿಡಿಯಬೇಕಾದ್ದು ಯಾವುದು ಅಂತ ಗೊತ್ತಿರಬೇಕು. "ಥಿಂಕ್" ಶಬ್ದದ ಮೊದಲ ಧ್ವನಿಗೆ ಒದ್ದಾಡಬೇಡಿ. ಗ್ಲಾಸ್ಗೋದ ಹುಡುಗರೇ "ಫಿಂಕ್", "ಹಿಂಕ್" ಅಂತಾರೆ. ಹ್ರಸ್ವ ದೀರ್ಘ ನಮಗೆ ಕನ್ನಡದಿಂದಲೇ ಬಂದಿದೆ, "ಶಿಪ್" "ಶೀಪ್" ನಮಗೆ ಗಲಾಟೆಯಿಲ್ಲ. ಎಷ್ಟೋ ದೇಶದವರು ಅಲ್ಲೇ ಎಡವೋದು.

ಹಿಡಿಯಬೇಕಾದ್ದು ಪದದ ಒತ್ತು. ನಾವು ಎಲ್ಲ ಅಕ್ಷರಕ್ಕೂ ಸಮನಾಗಿ ಬೆಲೆ ಕೊಡ್ತೀವಿ, ಅವರು ಒಂದನ್ನು ಎತ್ತಿ ಉಳಿದದ್ದನ್ನು ನುಂಗ್ತಾರೆ. ಎತ್ತಿದ ಅಕ್ಷರವೇ ಅವರಿಗೆ ಪದದ ಗುರುತು. "ಪ್ಯಾರಸಿಟಮಾಲ್" ಅಂತ ಸಪಾಟಾಗಿ ಓಡಿಸಿದರೆ ಅವರು ಹಿಡಿಯೋ ಮೊದಲೇ ಪದ ಮುಗಿದಿರುತ್ತೆ. "ಪ್ಯಾರ-ಸೀ-ಟಮಾಲ್" ಅಂತ ಸೀ ಮೇಲೆ ನಿಂತು ನೋಡಿ. (ಅಮೆರಿಕಕ್ಕೆ ಹೋದರೆ ಈ ಮಾತ್ರೆಯ ಹೆಸರೇ ಅಸೆಟಮಿನೋಫೆನ್, ಅದು ಬೇರೆ ರಾಮಾಯಣ.) ದಿನಾ ಬಳಸೋ ಔಷಧಿಗಳ ಪಟ್ಟಿ ಮಾಡಿ, ಜೊತೆಯ ಫಾರ್ಮಸಿಸ್ಟ್ ಕೈಲಿ ಒಂದು ಸಲ ಓದಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಇದಕ್ಕೆ ಫೀಸಿಲ್ಲ.

ಎರಡನೆಯದು ವ. ನಮ್ಮ ವ ಇಂಗ್ಲಿಷಿನ v, w ಅನ್ನೋ ಎರಡು ಧ್ವನಿಗಳ ಮಧ್ಯೆ ಎಲ್ಲೋ ಇದೆ. "ವಾಮಿಟ್", "ವೇನ್", "ವೈಯಲ್" ಹೇಳುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಗುಂಯ್ ಅನ್ನಬೇಕು. "ವಾರ್ಡ್", "ವಾಟರ್", "ವೂಂಡ್" ಹೇಳುವಾಗ ಹಲ್ಲು ತಾಗಲೇಬಾರದು, ತುಟಿ ಸುತ್ತಬೇಕು. ಕನ್ನಡಿ ಮುಂದೆ ನಿಂತರೆ ಹತ್ತು ನಿಮಿಷದಲ್ಲಿ ಸಿಗುತ್ತೆ, ಮಾತಿನ ಮಧ್ಯೆ ತಾನಾಗಿ ಬರೋಕೆ ವಾರಗಟ್ಟಲೆ ಬೇಕು. ಆಮೇಲೆ ಪದದ ಮೊದಲಿನ ಪ, ಟ, ಕ. ಇಂಗ್ಲಿಷಿನವರು ಇವಕ್ಕೆ ಸ್ವಲ್ಪ ಉಸಿರು ಸೇರಿಸ್ತಾರೆ, ನಮ್ಮ ಖ, ಠ ಥರ. ಉಸಿರಿಲ್ಲದಿದ್ದರೆ "ಪಿಲ್" ಅವರಿಗೆ "ಬಿಲ್" ಅಂತ ಕೇಳಬಹುದು. ಸ್ಕಾಟ್ಲೆಂಡಿನಲ್ಲಿ ಈ ಉಸಿರು ಕಡಿಮೆಯೇ, ಹಾಗಾಗಿ ಇದು ಕೊನೆಗಿರಲಿ. "ಇಯರ್" ಅನ್ನೋಕೆ ಹೋಗಿ "ಯಿಯರ್" ಆಗೋದು ಮಾತ್ರ ಗಮನಿಸಿ. ಕಿವಿ ನೋವು ಎಷ್ಟು ದಿನದಿಂದ ಅಂತ ನೀವು ಕೇಳಿದರೆ ಅವರು ಇದ್ಯಾವ ವರ್ಷದ ಲೆಕ್ಕ ಅಂದುಕೊಳ್ತಾರೆ.

ಅಂಕಿಗಳ ವಿಷಯದಲ್ಲಿ ಆಕ್ಸೆಂಟನ್ನು ನಂಬಲೇಬೇಡಿ, ನಿಮ್ಮದನ್ನೂ ಅವರದನ್ನೂ. 15 ಮತ್ತು 50, 13 ಮತ್ತು 30 ಇಂಗ್ಲೆಂಡಿನವರ ಮಧ್ಯೆಯೂ ಕಲೆಸಿಹೋಗುತ್ತವೆ. "ವನ್ ಫೈವ್", "ಫೈವ್ ಜೀರೋ" ಅಂತ ಬಿಡಿಸಿ ಹೇಳಿ. ಫೋನಿನಲ್ಲಿ ಆರ್ಡರ್ ತಗೊಂಡರೆ ಔಷಧಿ, ಡೋಸ್, ಪೇಷಂಟ್ ಹೆಸರು ಮೂರನ್ನೂ ವಾಪಸ್ ಓದಿ ಹೇಳಿ. ಅರ್ಥವಾಗದಿದ್ದಾಗ ಬರೀ "ಸಾರಿ?" ಅಂದರೆ ಅವರು ಅದೇ ವಾಕ್ಯವನ್ನು ಇನ್ನೂ ಜೋರಾಗಿ ಹೇಳ್ತಾರೆ, ನಿಧಾನವಾಗಿ ಅಲ್ಲ. ಬೇರೆ ಪದದಲ್ಲಿ ಹೇಳ್ತೀರಾ ಅಂತ ಕೇಳಿ, ಅಥವಾ ನೋವಿರೋ ಜಾಗ ಕೈಯಿಟ್ಟು ತೋರಿಸಿ ಅನ್ನಿ. ಮತ್ತೆ ದಯವಿಟ್ಟು ಸಂಕೋಚಕ್ಕೆ ತಲೆ ಆಡಿಸಬೇಡಿ. ನಮ್ಮ ತಲೆ ಆಡಿಸೋದು ಅಲ್ಲಿ ಹೌದೋ ಅಲ್ಲವೋ ಗೊತ್ತಾಗೋದಿಲ್ಲ. ಅರ್ಥವಾಗದೆ ಹೂಂ ಅಂದ ನರ್ಸ್, ಹತ್ತು ಸಲ ಕೇಳಿದ ನರ್ಸ್‌ಗಿಂತ ಅಪಾಯ. ನಾನು ಯಾವ ಬ್ಯಾಚಿಗೂ ಇದನ್ನು ಹೇಳದೆ ಕಳಿಸೋದಿಲ್ಲ.

ಕಿವಿಗೆ ಏನು ಮಾಡೋದು? ಒಳ್ಳೆ ಸುದ್ದಿ ಅಂದರೆ ಕಿವಿ ಬಾಯಿಗಿಂತ ಬೇಗ ಕಲಿಯುತ್ತೆ. 2004ರಲ್ಲಿ ಅಮೆರಿಕದಲ್ಲಿ ಮಾಡಿದ ಒಂದು ಪ್ರಯೋಗದಲ್ಲಿ ಗೊತ್ತಿಲ್ಲದ ಆಕ್ಸೆಂಟಿಗೆ ಕೇಳುಗರು ಒಂದು ನಿಮಿಷದೊಳಗೇ ಹೊಂದಿಕೊಳ್ಳೋಕೆ ಶುರು ಮಾಡಿದ್ದರು. ಅದು ಸದ್ದಿಲ್ಲದ ಕೋಣೆಯಲ್ಲಿ, ನಿಮಗೆ ತಿಂಗಳುಗಳೇ ಬೇಕಾಗಬಹುದು. ಆದರೆ ಒಬ್ಬರ ಮಾತು ಕೇಳಿದರೆ ಸಾಲದು, ಹಲವು ಜನರದ್ದು ಬೇಕು. ಬಸ್ಸಿನಲ್ಲಿ ಹೋಗುವಾಗ ಬಿಬಿಸಿ ರೇಡಿಯೋ ಸ್ಕಾಟ್ಲೆಂಡ್ ಹಾಕಿ, ಅದರಲ್ಲೂ ಜನ ಫೋನ್ ಮಾಡಿ ಮಾತಾಡೋ ಕಾರ್ಯಕ್ರಮ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಸ್ಪೀಚ್ ಆಕ್ಸೆಂಟ್ ಆರ್ಕೈವ್‌ನಲ್ಲಿ ಪ್ರಪಂಚದ ಮೂಲೆಮೂಲೆಯವರು ಒಂದೇ ಪ್ಯಾರಾ ಓದಿದ ರೆಕಾರ್ಡಿಂಗ್‌ಗಳಿವೆ, ದುಡ್ಡು ಕೊಡಬೇಕಿಲ್ಲ. ಸ್ಟೆಲ್ಲಾ ಅನ್ನೋಳಿಗೆ ಅಂಗಡಿಯಿಂದ ಬಟಾಣಿ, ಚೀಸು ತರೋಕೆ ಹೇಳಿ ಅನ್ನೋ ಪ್ಯಾರಾ. ಸ್ಕಾಟ್ಲೆಂಡಿನವರದ್ದು ಕೇಳಿ, ತಕ್ಷಣ ಕನ್ನಡದವರದ್ದು ಕೇಳಿ. ಎಲ್ಲಿ ಹತ್ತಿರ, ಎಲ್ಲಿ ದೂರ ಅಂತ ನಿಮಗೇ ಗೊತ್ತಾಗುತ್ತೆ. ವಾರ್ಡಿನಲ್ಲಿ ಹೆಲ್ತ್‌ಕೇರ್ ಅಸಿಸ್ಟೆಂಟ್‌ಗಳು ಬಹುಪಾಲು ಅದೇ ಊರಿನವರಿರುತ್ತಾರೆ, ಟೀ ಬ್ರೇಕ್‌ನಲ್ಲಿ ಅವರ ಜೊತೆ ಕೂತುಕೊಳ್ಳಿ, ಮಲಯಾಳಿ ಟೇಬಲ್ಲಿಗೂ ಕನ್ನಡ ಟೇಬಲ್ಲಿಗೂ ದಿನಾ ಹೋಗಬೇಡಿ.

ಅಣಕಿಸೋಳ ವಿಷಯ. ಎಲ್ಲ ತಪ್ಪೂ ನಿಮ್ಮ ಬಾಯಲ್ಲೇ ಇದೆ ಅಂತ ಅಂದುಕೊಳ್ಳಬೇಡಿ. 1992ರಲ್ಲಿ ಡೊನಾಲ್ಡ್ ರೂಬಿನ್ ಅನ್ನೋ ಪ್ರೊಫೆಸರ್ ಅಮೆರಿಕದ ವಿದ್ಯಾರ್ಥಿಗಳಿಗೆ ಅಲ್ಲಿಯವರದ್ದೇ ದನಿಯ ಒಂದು ಉಪನ್ಯಾಸದ ಟೇಪ್ ಹಾಕಿದರು. ಕೆಲವರಿಗೆ ಬಿಳಿಯ ಹೆಂಗಸಿನ ಫೋಟೋ ತೋರಿಸಿದರು, ಕೆಲವರಿಗೆ ಏಷ್ಯಾದ ಹೆಂಗಸಿನದ್ದು. ಟೇಪ್ ಅದೇ. ಏಷ್ಯಾದ ಮುಖ ನೋಡಿದವರಿಗೆ ವಿಷಯ ಕಡಿಮೆ ಅರ್ಥವಾಗಿತ್ತು. ಗ್ಲಾಸ್ಗೋದಲ್ಲಿ ಕಾಲೆಳೆಯೋದು ಸ್ನೇಹದ ಗುರುತೂ ಹೌದು, ಎಲ್ಲರೂ ಎಲ್ಲರನ್ನೂ ಆಡಿಕೊಳ್ತಾರೆ. ಹಾಗಾಗಿ ಮೊದಲು ಒಂದು ಸಲ ನೇರವಾಗಿ, ನಗದೆ, ಇದು ನನಗೆ ಹಿಡಿಸೋದಿಲ್ಲ ಅಂತ ಹೇಳಿ. ಸ್ನೇಹದ್ದಾಗಿದ್ದರೆ ಅಲ್ಲಿಗೆ ನಿಲ್ಲುತ್ತೆ. ನಿಲ್ಲದಿದ್ದರೆ ದಿನಾಂಕ, ಹೇಳಿದ ಮಾತು, ಅಲ್ಲಿದ್ದವರ ಹೆಸರು ಬರೆದಿಟ್ಟುಕೊಂಡು ವಾರ್ಡ್ ಮ್ಯಾನೇಜರ್‌ಗೆ ಹೇಳಿ. ಬ್ರಿಟನ್ನಿನ 2010ರ ಈಕ್ವಾಲಿಟಿ ಆಕ್ಟ್ ಅನ್ನೋ ಸಮಾನತೆಯ ಕಾನೂನಿನ ಪಟ್ಟಿಯಲ್ಲಿ ಆಕ್ಸೆಂಟ್ ಅಂತ ಬೇರೆ ಹೆಸರಿಲ್ಲ. ಆದರೆ ಜನಾಂಗ, ರಾಷ್ಟ್ರೀಯತೆ ಇವೆ, ಅವುಗಳಿಗೆ ಸಂಬಂಧಪಟ್ಟ ಅಣಕವನ್ನು ಕಿರುಕುಳ ಅಂತ ನೋಡಬಹುದು. ವೀಸಾ ಆಸ್ಪತ್ರೆಯ ಕೈಯಲ್ಲಿದೆ ಅನ್ನೋ ಭಯಕ್ಕೆ ಬಹಳ ಜನ ಬಾಯಿ ಮುಚ್ಚಿಕೊಂಡಿರ್ತಾರೆ. ಆ ಭಯ ನಿಮಗೂ ಇದ್ದರೆ ದೂರು ಕೊಡೋಕೆ ಮುಂಚೆ ಯೂನಿಯನ್‌ನವರ ಹತ್ತಿರ ಮಾತಾಡಿ. ಸದಸ್ಯರಾಗಿರದಿದ್ದರೆ ಆ ಕೋರ್ಸಿನ ದುಡ್ಡಿನಲ್ಲಿ ಸದಸ್ಯರಾಗಿ.

ಇನ್ನು ನಿಮ್ಮ ಯಜಮಾನರಿಗೆ ಹೇಳಿ, "ಆಯ್" ಅಂದರೆ ಹೌದು, "ವೀ" ಅಂದರೆ ಪುಟ್ಟ, ಎರಡನ್ನೂ ಅಲ್ಲಿನ ಡಾಕ್ಟರ್‌ಗಳೂ ವಕೀಲರೂ ದಿನಾ ಹೇಳ್ತಾರೆ. ತಿದ್ದಿದರೂ ಪ್ರಯೋಜನ ಇಲ್ಲ. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಅನ್ನೋ ಹೊಸ ಊರಿಗೆ ಬೇರೆ ಬೇರೆ ಕಡೆಯಿಂದ ಬಂದವರ ಮಕ್ಕಳನ್ನು 1990ರ ದಶಕದಲ್ಲಿ ಅಧ್ಯಯನ ಮಾಡಿದಾಗ, ನಾಲ್ಕು ವರ್ಷದವರು ಅಪ್ಪ ಅಮ್ಮನ ಹಾಗೆ ಮಾತಾಡ್ತಿದ್ದರು, ಎಂಟು ಹನ್ನೆರಡು ವರ್ಷದವರು ಗೆಳೆಯರ ಹಾಗೆ. ನಿಮ್ಮವನು ಆ ಮಧ್ಯದಲ್ಲಿದ್ದಾನೆ. ಬರವಣಿಗೆಯ ಇಂಗ್ಲಿಷ್ ಶಾಲೆಯಲ್ಲಿ ಬೇರೆಯಾಗಿ ಕಲಿಸ್ತಾರೆ, ಅವನಿಗೆ ಎರಡೂ ಬರುತ್ತೆ. ಮನೆಯಲ್ಲಿ ಅವನ ಜೊತೆ ಕನ್ನಡವನ್ನೇ ಮಾತಾಡಿ, ಇಂಗ್ಲಿಷ್ ಅಭ್ಯಾಸ ಆಗಲಿ ಅಂತ ನಿಮ್ಮಿಬ್ಬರ ಇಂಗ್ಲಿಷನ್ನು ಅವನ ಮೇಲೆ ಹಾಕಬೇಡಿ. ಬದಲಿಗೆ ನಿಮ್ಮ ನೋಟ್‌ಬುಕ್ಕಿನಲ್ಲಿ ಅರ್ಥ ಸಿಗದ ಪದ ಇದ್ದರೆ ಅವನನ್ನು ಕೇಳಿ ನೋಡಿ, ಎಷ್ಟೋ ಪದ ಅವನಿಗೆ ಆಗಲೇ ಗೊತ್ತಿರುತ್ತೆ.